ಮಾಸು ಮೇಲೇರುವ ತನಕ

“ಅಕ್ಷಯಾ... ಆ ಬಸ್ ಹತ್ಬೇಡ!”

ಕೋಟೇಶ್ವರದ ಬಸ್ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಿದ್ದ ಅಕ್ಷಯಾ ಅಲ್ಲೇ ನಿಂತಳು. ಗಂಡ ಸುಜನ್ ಹೈವೇ ದಾಟಿ ಓಡಿ ಬರುತ್ತಿದ್ದ. ಹೋಟೆಲಿನ ಕಾವಲಿ ಬಿಟ್ಟು ಹಾಗೇ ಬಂದವನ ಕೈಯಲ್ಲಿ ದೋಸೆ ಹಿಟ್ಟು ಇನ್ನೂ ಅಂಟಿತ್ತು.

“ಅಮ್ಮನ ಮನಿಗೆ ಹೋತೆ. ಇಲ್ಲಿ ನಂದ್ ಎಂತ ಇತ್ತ್?”

“ಡಾಕ್ಟ್ರ್ ಬಸ್ಸಲ್ಲಿ ಹೋಪುದ್ ಬ್ಯಾಡ ಅಂದದ್ ಮರ್ತ್ ಹೋಯ್ತಾ?”

“ಹ್ವಾಯ್, ಹತ್ತುದಾ ಇಳಿಯುದಾ? ಜಗಳ ಮನೇಲಿ ಮಾಡಿ!” ಕಂಡಕ್ಟರ್ ಸೀಟಿ ಊದಿದ. ಅವಳ ತವರೂರು ಶಂಕರನಾರಾಯಣಕ್ಕೆ ಹೋಗುವ ಬಸ್ಸು ಅವಳನ್ನು ಬಿಟ್ಟು ಹೋಯಿತು.

ಅವಳ ಕಣ್ಣು ತುಂಬಿತು. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಡಾಕ್ಟರು ಹೇಳಿದ್ದರು, ಮಗುವನ್ನು ಪೊರೆಯುವ ಮಾಸು ಗರ್ಭಕೋಶದ ತಳದಲ್ಲಿ, ಬಾಯಿಗೆ ಅಡ್ಡವಾಗಿ ಕೂತಿದೆ, ರಕ್ತಸ್ರಾವವಾದರೆ ತಾಯಿಗೂ ಮಗುವಿಗೂ ಅಪಾಯ ಎಂದು. ಅಂದಿನಿಂದ ಸುಜನ್ ಹಾಸಿಗೆಯನ್ನು ಹೋಟೆಲಿನ ಅಟ್ಟಕ್ಕೆ ಒಯ್ದಿದ್ದ. ಮಾತು ಕಡಿಮೆ ಮಾಡಿದ್ದ. ನಿನ್ನೆ ಅವಳ ಅಮ್ಮನಿಗೆ ಫೋನು ಮಾಡಿ ಬಸುರಿಗೆ ಮಾಡುವ ಬಯಕೆ ಶಾಸ್ತ್ರವೇ ಬೇಡ ಎಂದುಬಿಟ್ಟಿದ್ದ. ಯಾಕೆಂದು ಹೇಳಿರಲಿಲ್ಲ!

‘ಕೊಡಪಾನ ಎತ್ಬೇಡ ಅಂದ್ರೆ ಕೇಂಬುದಿಲ್ಲೆ’ ಎಂದು ಅತ್ತೆ ಸರಸ ಗೊಣಗಿದ್ದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿತ್ತು. ನಾನೇ ಕೊಡ ಎತ್ತಿ ಮಾಸನ್ನು ಕೆಳಗೆ ಜಾರಿಸಿದೆ... ಅದಕ್ಕೇ ಇವರು ನನ್ನ ಮುಖ ನೋಡುವುದಿಲ್ಲ...

“ಇವತ್ತ್ ಮತ್ತೊಂದ್ ಸ್ಕ್ಯಾನಿಂಗ್ ಇತ್ತ್. ಅದ್ ಆಯ್ಲಿ, ಮತ್ತೆ ಎಲ್ಲಿಗ್ ಬೇಕಾರೂ ಹೋಗ್,” ಎಂದ ಸುಜನ್.

ಎಲ್ಲಿಗೆ ಬೇಕಾದರೂ! ಅವಳು ಮಂಜಯ್ಯನ ಆಟೋ ಹತ್ತಿದಳು.

“ಮಂಜಯ್ಯಣ್ಣ, ಹೊಂಡ ಕಂಡ್ಕಂಡ್ ಹೋಯ್ನಿ,” ಎಂದ ಪಕ್ಕದಲ್ಲಿ ಕೂತ ಸುಜನ್.

“ಕೂಕಂಡದ್ ನಿನ್ ಹೆಂಡ್ತಿ ಅಲ್ದಾ ಮಾರಾಯಾ? ನಾ ಮೊಟ್ಟೆ ಗಾಡಿ ಬಿಟ್ಟ ಹಾಂಗಾಯ್ತಲ್ಲ!” ಎಂದು ಮಂಜಯ್ಯ ನಕ್ಕ. ಹಿಂದೆ ಕೂತ ಇಬ್ಬರೂ ನಗಲಿಲ್ಲ.

ಕುಂದಾಪುರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪ್ರಭಾವತಿ ಪರದೆಯ ಮೇಲೆ ಬಹಳ ಹೊತ್ತು ಕಣ್ಣಿಟ್ಟರು. ಅಕ್ಷಯಾಳಿಗೆ ತಡೆಯಲಾಗಲಿಲ್ಲ.

“ಡಾಕ್ಟ್ರೇ... ನಾ ಕೊಡ ಎತ್ತಿದ್ದಕ್ಕೇ ಮಾಸು ಕೆಳಗ್ ಬಂತಾ?”

“ಅವ್ಳದ್ದಲ್ಲ ಡಾಕ್ಟ್ರೇ, ತಪ್ಪ್ ನಂದ್!” ಸುಜನ್ ನಡುವೆ ಬಾಯಿ ಹಾಕಿದ. “ಮರವಂತೆಗೆ ಬೈಕಲ್ಲಿ ಕರ್ಕಂಡ್ ಹೋದದ್ ನಾನ್. ಆ ದಾರಿ ಹೊಂಡಕ್ಕೆ ಎತ್ತಿ ಎತ್ತಿ ಹಾಕ್ತ್...”

ಅಕ್ಷಯಾ ದಂಗಾಗಿ ಅವನತ್ತ ನೋಡಿದಳು. ಇಷ್ಟು ದಿನ ಇವರೂ...?

“ಕೊಡವೂ ಅಲ್ಲ, ಬೈಕೂ ಅಲ್ಲ,” ಎಂದರು ಡಾಕ್ಟರು. “ಬಸ್ರಿ ಅಂತ ನಿಮ್ಗೆ ಗೊತ್ತಾಪುಕ್ ಮುಂಚೆನೇ ಅದ್ ಎಲ್ಲಿ ಅಂಟ್ಕಂತೋ ಅಲ್ಲೇ ಬೆಳೂದ್. ಮತ್ತೆ ಮಾಸು ಬರೀ ತಾಯಿದ್ದಲ್ಲ ಮಾರಾಯ್ತಿ. ಮಗು ಹುಟ್ಟಿದ ಕಣದಿಂದ್ಲೇ ಅದೂ ಹುಟ್ಟುದ್, ಅಪ್ಪಂದೂ ಪಾಲ್ ಇತ್ತ್ ಅದ್ರಲ್ಲಿ. ನಿನ್ನ ಗರ್ಭದ ಗೋಡೆಗೆ ಬೇರು ಬಿಟ್ಟ್, ನಿನ್ನ ರಕ್ತದಿಂದ ಅನ್ನ, ಉಸ್ರು ತೆಗ್ದ್ ಮಗಿಗೆ ಕೊಡತ್, ಮಗಿನ ಕಸ ನಿನ್ನ ಕಡಿಗ್ ದಾಟ್ಸತ್. ಎರಡ್ ರಕ್ತ ಮಾತ್ರ ಬೆರೆಯುಕೆ ಬಿಡುದಿಲ್ಲೆ.”

“ಈಗ ಎಲ್ಲಿತ್ತ್?” ಇಬ್ಬರೂ ಒಟ್ಟಿಗೆ ಕೇಳಿದರು.

“ಗರ್ಭಕೋಶ ಹಿಗ್ಗಿದ ಹಾಂಗೆ ಮೇಲೆ ಸರ್ದಿತ್. ಬಾಯಿಗೆ ಅಡ್ಡ ಇಲ್ಲೆ, ಆದ್ರೆ ಇನ್ನೂ ಹತ್ರವೇ ಇತ್ತ್. ಜಾಗ್ರತೆ ಬೇಕ್. ಮುಂದಿನ ತಿಂಗ್ಳ್ ಮತ್ತೆ ಕಾಂಬ.”

“ಹಾಂಗಾರೆ ಮಾಸು ಮೇಲ್ ಹೋಯ್ಲಿ ಅಂತ ನಾ ಮಂಚದ ಕಾಲಡಿಗೆ ಕೆಂಪ್ ಕಲ್ ಇಟ್ಟದ್...?” ಎಂದ ಸುಜನ್.

“ಅದೆಂತ ಉರುಳುವ ತೆಂಗಿನಕಾಯಾ?”

“ಹೆಂಡ್ತಿಯಿಂದ ದೂರ ಇರ್ ಅಂದದ್ ನೀವೇ ಅಲ್ದಾ? ಅದ್ಕೇ ಅಟ್ಟದಲ್ಲಿ ಮನ್ಗಿದೆ...”

“ಕೂಡುದ್ ಬ್ಯಾಡ ಅಂದದ್ ನಾನ್! ಮಾತೂ ಆಡ್ಬೇಡ ಅಂದ್ನಾ?”

ಸುಜನನ ಕಿವಿ ಕೆಂಪಾಯಿತು. ಅಕ್ಷಯಾಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿತು.

ಹೊರಗಿನ ಬೆಂಚಿನಲ್ಲಿ ಕೂತಾಗ ಅವನೇ ಬಾಯಿಬಿಟ್ಟ. “ಬಯಕೆ ಆದ್ರೆ ಅವತ್ತೇ ತವರಿಗೆ ಕಳ್ಸ್ಕಲ್ದಾ? ಅಷ್ಟ್ ದೂರ, ದಾರೀಲಿ ಎಂತಾರೂ ಆದ್ರೆ...? ಅದ್ಕೇ ಬ್ಯಾಡ ಅಂದೆ.”

“ನನ್ ಹತ್ರ ಹೇಳುಕ್ ಎಂತ ಆಯ್ದಿತ್ತ್?”

“ನೀ ಹೆದರ್ತೆ ಅಂದ್ಕಂಡೆ. ಬಯಕೆ ನಮ್ಮನೇಲೇ ಮಾಡುವ. ನಿನ್ ಅಮ್ಮ ಇಲ್ಲಿಗೇ ಬರ್ಲಿ, ಹೆರಿಗೆ ತನಕ ಇರ್ಲಿ. ನಾನೇ ಹೋಯಿ ಕರ್ಕಂಡ್ ಬತ್ತೆ.”

ಅವಳು ಹಿಟ್ಟು ಒಣಗಿದ ಅವನ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗೆ ಏನೋ ಮೆಲ್ಲಗೆ ಒದ್ದಿತು. ಅವನು ಉಸಿರು ಬಿಗಿಹಿಡಿದ.

“ಈಗ ಹೆದ್ರಿಕಿ ಹೋಯ್ತಾ ನಿಮ್ಗೆ?”

“ಇಲ್ಲೆ... ನಿಂಗೆ?”

“ನಂಗೂ ಇಲ್ಲೆ. ಇನ್ನ್ ಬೇರೆ ಬೇರೆ ಮನ್ಗಿ ಹೆದ್ರುದ್ ಬ್ಯಾಡ. ಒಟ್ಟಿಗೇ ಹೆದರುವ... ಮನಿಗ್ ಬನ್ನಿ.”

ಸುಜನ್ ಕೈ ತೆಗೆಯಲಿಲ್ಲ.

“ಬತ್ತೆ,” ಎಂದ.