ಬಿಡ್ಲಿಕ್ಕೆ ಆಗುದಿಲ್ಲ ನಂಗೆ

"ಹೊಡೀರಿ, ಅಂಜಬ್ಯಾಡ್ರಿ. ನಾ ಪಕ್ಕದಾಗ ಅದೀನಿ."

ಶಿವಕುಮಾರಿ ಹೇಳಿದ್ದು ಇಷ್ಟೇ. ಸ್ಟೀರಿಂಗ್ ಹಿಡಿದು ಕುಳಿತಿದ್ದ ಯುವಕ ಬಿಸಿ ಕಾವಲಿ ಮುಟ್ಟಿದವನಂತೆ ಎರಡೂ ಕೈ ಹಿಂದಕ್ಕೆಳೆದುಕೊಂಡ.

"ಏನು ಹೇಳಿದ್ರಿ?"

"ಹೊಡೀರಿ ಅಂದೆ..."

ಅವನು ಬೆಲ್ಟ್ ಬಿಚ್ಚಿ, ಬಾಗಿಲು ತೆರೆದು ಕೆಳಗಿಳಿದುಬಿಟ್ಟ. ರಸ್ತೆ ಪಕ್ಕದ ಹಾಲಿನ ಬೂತಿನ ಗೋಡೆಗೆ ಕೈಯೂರಿ, ತಲೆ ತಗ್ಗಿಸಿ ನಿಂತ. ಆರೆ ಕಾಲೊನಿಯ ಮರಗಳ ಕೆಳಗೆ ಆ ಹೊತ್ತಿಗೆ ಹೆಚ್ಚು ವಾಹನಗಳಿರಲಿಲ್ಲ. ಕಾರಿನೊಳಗೆ ಒಬ್ಬಳೇ ಉಳಿದ ಶಿವಕುಮಾರಿಗೆ ತಾನೇನು ತಪ್ಪು ಮಾಡಿದೆ ಎಂದೇ ತಿಳಿಯಲಿಲ್ಲ.

ಗೋರೆಗಾಂವ್‌ನ ಆ ಶೋರೂಮಿನಲ್ಲಿ ಟೆಸ್ಟ್ ಡ್ರೈವ್ ಮಾಡಿಸುವುದೇ ಅವಳ ಕೆಲಸ. ಅದಕ್ಕೊಂದು ಕ್ರಮವಿದೆ. ಗಿರಾಕಿಯ ಲೈಸೆನ್ಸ್ ನೋಡಬೇಕು. ಗದ್ದಲದ ರಸ್ತೆ ದಾಟುವವರೆಗೆ ತಾನೇ ಕಾರು ನಡೆಸಬೇಕು. ಹಾಲಿನ ಬೂತಿನ ಹತ್ತಿರ ನಿಲ್ಲಿಸಿ ಸೀಟು ಅದಲು ಬದಲು ಮಾಡಿಕೊಳ್ಳಬೇಕು. ಆಮೇಲೆ ಗಿರಾಕಿ ನಡೆಸುವಷ್ಟು ಹೊತ್ತೂ ಎಡಗಡೆ ಕುಳಿತು, ಬಲಗೈಯನ್ನು ಹ್ಯಾಂಡ್‌ಬ್ರೇಕ್ ಮೇಲೆ ಇಟ್ಟುಕೊಂಡಿರಬೇಕು. ಕೆಲಸಕ್ಕೆ ಸೇರಿದಾಗ ಮ್ಯಾನೇಜರ್ ದೇವಾನಂದ ಕಲಿಸಿದ ಮೊದಲ ಪಾಠವೇ ಅದು. ಹೊಸ ಗಿರಾಕಿಯ ಕಾಲು ಯಾವ ಪೆಡಲ್ ಮೇಲೆ ಬೀಳುತ್ತದೋ ಯಾರಿಗೆ ಗೊತ್ತು!

ಈ ಗಿರಾಕಿಯ ಹೆಸರು ತಿಲಕ್. ಮಾಟುಂಗದಲ್ಲಿ ಅವರದೊಂದು ಉಡುಪಿ ಹೋಟೆಲು. ಶೋರೂಮಿಗೆ ಬಂದಾಗ ಹಿಂದಿಯಲ್ಲೇ ಮಾತು ಶುರುವಾಗಿತ್ತು. ಅಷ್ಟರಲ್ಲಿ ಆಂಟಾಪ್ ಹಿಲ್‌ನ ಮನೆಯಿಂದ ಅವಳ ತಾಯಿ ಸುಂದ್ರವ್ವನ ಫೋನು ಬಂದು, ಇವಳು ಕಲಬುರಗಿ ಕನ್ನಡದಲ್ಲಿ ಎರಡು ಮಾತಾಡಿದ್ದನ್ನು ಕೇಳಿ ಅವನ ಮುಖ ಅರಳಿತ್ತು. ಅಲ್ಲಿಂದ ಮುಂದೆ ಇಬ್ಬರೂ ಕನ್ನಡವನ್ನೇ ಹಿಡಿದರು. ಹಿಂದಿಯಲ್ಲೇ ಮಾತಾಡಿಕೊಂಡಿದ್ದರೆ ಈ ಕಥೆಯ ಅರ್ಧ ಕಣ್ಣೀರು ಉಳಿಯುತ್ತಿತ್ತು. ಆದರೆ ಪರವೂರಿನಲ್ಲಿ ತಾಯ್ನುಡಿ ಕಿವಿಗೆ ಬಿದ್ದರೆ ಬೇಡ ಎನ್ನುವವರು ಯಾರು?

ಆ ದಿನ ಅವಳೇ ಕಾರು ತಿರುಗಿಸಿಕೊಂಡು ಬಂದಳು. ಶೋರೂಮಿನ ಬಾಗಿಲಲ್ಲಿ ಅವನು ನಿಂತು, ಇನ್ನೊಮ್ಮೆ ಬರಬಹುದಾ ಎಂದು ಕೇಳಿದ.

ಬರಬೇಡ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಆ ಕಣ್ಣುಗಳಲ್ಲಿ ಏನೋ ಇತ್ತು... ಅದು ಕಾರಿನ ಆಸೆಯಲ್ಲ ಎನ್ನುವುದಷ್ಟೇ ಅವಳಿಗೆ ಗೊತ್ತಾಗಿತ್ತು.

ಅವನು ಮತ್ತೆ ಬಂದ. ಮಂಗಳವಾರ ಶೋರೂಮಿನಲ್ಲಿ ಜನ ಕಡಿಮೆ, ಅವತ್ತೇ ಬರುತ್ತಿದ್ದ. ಶಿವಕುಮಾರಿಯೇ ಬೇಕು ಎನ್ನುತ್ತಿದ್ದ. ಹಾಲಿನ ಬೂತಿನ ಹತ್ತಿರ ಸೀಟು ಬದಲಿಸಿ, ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿಕೊಂಡು ಕೂರುತ್ತಿದ್ದ. ಅಷ್ಟೇ. ಎಂಜಿನ್ ಶುರು ಮಾಡುತ್ತಿರಲಿಲ್ಲ. ಹೋಟೆಲಿನ ಮಾತು, ತಾಯಿ ಚಂಪಾ ಅವರ ಮಾತು, ಗಲ್ಲಾದಲ್ಲಿ ಕುಳಿತು ಕಾಣುವ ಜನರ ಮಾತು ಆಡುತ್ತಿದ್ದ. ಅವಳೂ ಗೌಂಡಿ ಕೆಲಸದ ಅಪ್ಪ ಮರೆಪ್ಪನ ವಿಷಯ, ವಡಾಳದಲ್ಲಿ ಲೋಕಲ್ ರೈಲು ಬದಲಿಸುವ ಪಾಡು ಹೇಳಿಕೊಳ್ಳುತ್ತಿದ್ದಳು. ಆಮೇಲೆ ಅವಳೇ ಕಾರು ತಿರುಗಿಸುತ್ತಿದ್ದಳು.

ಮಾತಿನ ನಡುವೆ ಅವನ ನೋಟ ಮತ್ತೆ ಮತ್ತೆ ಹ್ಯಾಂಡ್‌ಬ್ರೇಕ್ ಮೇಲಿದ್ದ ಅವಳ ಕೈಗೆ ಬರುತ್ತಿತ್ತು. ಒಂದು ಸಲ ಅವಳು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದಳು.

"ಕೈ ಅಲ್ಲೇ ಇರಲಿ," ಎಂದ ಅವನು ಮೆಲ್ಲಗೆ.

ಅವಳು ಕೈಯನ್ನು ಮತ್ತೆ ಬ್ರೇಕಿನ ಮೇಲಿಟ್ಟಳು. ಅವತ್ತು ಸಂಜೆ ರೈಲಿನ ಲೇಡೀಸ್ ಡಬ್ಬದ ಬಾಗಿಲಲ್ಲಿ ನಿಂತು ತನ್ನ ಬಲಗೈಯನ್ನೇ ನೋಡಿಕೊಂಡಳು. ಇಷ್ಟವಾಗಿದ್ದ, ನಿಜ. ಆದರೆ ಇಷ್ಟದ ಬೆನ್ನಿಗೇ ಭಯವೂ ಇತ್ತು.

ಯಾಕೆಂದರೆ ಅವಳು ಹಿಂದೊಮ್ಮೆ ಕೈ ಸುಟ್ಟುಕೊಂಡಿದ್ದಳು. ಕಾರು ಕೊಳ್ಳುವ ನೆವದಲ್ಲಿ ಮೇಲಿಂದ ಮೇಲೆ ಟೆಸ್ಟ್ ಡ್ರೈವಿಗೆ ಬಂದ ಒಬ್ಬ ದೊಡ್ಡ ಮನುಷ್ಯ, ಕೊನೆಗೆ ಸ್ಟೇಷನ್ನಿನವರೆಗೂ ಹಿಂಬಾಲಿಸಿದ್ದ. ಮರೆಪ್ಪ ಕೆಲಸವೇ ಬೇಡ ಎಂದು ಹಟ ಹಿಡಿದಿದ್ದ. ಇನ್ನೊಮ್ಮೆ ಇಂಥದ್ದು ಕಿವಿಗೆ ಬಿದ್ದರೆ ಮನೆಯಲ್ಲೇ ಇರುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಅವಳು ಮತ್ತೆ ಶೋರೂಮಿನ ಮೆಟ್ಟಿಲು ಹತ್ತಿದ್ದು.

ಈಗ ಜೊತೆಯಲ್ಲಿ ಕೆಲಸ ಮಾಡುವ ಸುಭಾಷ ನಗಲು ಶುರು ಮಾಡಿದ್ದ. ನಿನ್ನ ಮಾಟುಂಗದವನಿಗೆ ಬೇಕಾಗಿರುವುದು ಕಾರಲ್ಲ ಬಿಡು ಎಂದು ಚುಡಾಯಿಸುತ್ತಿದ್ದ. ದೇವಾನಂದ ಕರೆದು, ಡೆಮೊ ಕಾರು ಊರು ಸುತ್ತುವುದಕ್ಕಲ್ಲ, ಅವನು ಬುಕ್ ಮಾಡುತ್ತಾನೋ ಇಲ್ಲವೋ ಇವತ್ತೇ ಕೇಳಿಬಿಡು ಎಂದ.

ಅವತ್ತು ಬೂತಿನ ಹತ್ತಿರ ಸೀಟು ಬದಲಾಯಿತು. ಅವನು ಸ್ಟೀರಿಂಗ್ ಹಿಡಿದು ಕುಳಿತ. ಹಣೆಯಲ್ಲಿ ಬೆವರಿತ್ತು. ಎಂದಿನಂತೆ ಅವಳ ಕೈ ಕಡೆ ನೋಡಿದ.

ಶಿವಕುಮಾರಿ ಗಟ್ಟಿ ಮನಸ್ಸು ಮಾಡಿದಳು.

"ನಿಮಗ ಖರೇನ ಕಾರ್ ತಗೊಳ್ಳೂದು ಐತೇನು? ಇಲ್ಲಂದ್ರ ಇದನ್ನೆಲ್ಲಾ ಇಲ್ಲಿಗೇ ಬಿಟ್ಟುಬಿಡ್ರಿ."

ಅವನು ಕಣ್ಣು ಮುಚ್ಚಿಕೊಂಡ. ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬಂತು.

"ಬಿಡ್ಲಿಕ್ಕೆ ಆಗುದಿಲ್ಲ ನಂಗೆ. ಎಷ್ಟು ಪ್ರಯತ್ನ ಮಾಡಿದ್ರೂ ಆಗುದೇ ಇಲ್ಲ. ನೀವು ಪಕ್ಕದಲ್ಲಿ ಕೂತ್ರೆ ಒಂದು ದಿನ..."

"ಸಾಕು ಮಾಡ್ರಿ."

ಅವಳ ಧ್ವನಿ ಅವಳಿಗೇ ಗುರುತು ಸಿಗದಷ್ಟು ಒರಟಾಗಿತ್ತು. ಬಿಡಲಾಗುವುದಿಲ್ಲವಂತೆ! ಪಕ್ಕದಲ್ಲಿ ಕೂರಬೇಕಂತೆ! ಆ ಹಿಂದಿನವನು ಸ್ಟೇಷನ್ನಿನಲ್ಲಿ ಅಡ್ಡಗಟ್ಟಿ ಹೇಳಿದ್ದೂ ಹೆಚ್ಚು ಕಡಿಮೆ ಇದೇ ಮಾತು.

"ನನ್ನ ಪಕ್ಕದಾಗ ಕೂಡೂ ಸಲುವಾಗಿ ಟೆಸ್ಟ್ ಡ್ರೈವಿಗೆ ಬರೂ ಮಂದೀನ್ನ ನಾ ಭಾಳ ನೋಡೀನಿ. ನೀವೂ ಅವರಂಥವರೇ ಅಂತ ತಿಳಿದಿರಲಿಲ್ಲ. ಇಳೀರಿ."

ತಿಲಕ್ ಅವಳನ್ನೇ ನೋಡಿದ. ಕ್ಷಮಿಸಿ ಎಂದಷ್ಟೇ ಹೇಳಿ ಇಳಿದು, ಮರಗಳ ಕೆಳಗೆ ನಡೆದುಕೊಂಡೇ ಹೊರಟುಹೋದ.

ತಿಲಕ್ ಅವರ ಎನ್‌ಕ್ವೈರಿ ಕ್ಲೋಸ್ ಮಾಡಿ ಎಂದು ಅವಳು ದೇವಾನಂದನಿಗೆ ಹೇಳಿದಳು. ಕಾರಣ ಹೇಳಲಿಲ್ಲ. ಅವನ ಹೆಸರು ಕೆಡಿಸಲು ನಾಲಿಗೆ ಏಳಲಿಲ್ಲ. ಸಂಜೆ ಲೋಕಲ್‌ನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ಅವನ ಮೇಲೆ ಸಿಟ್ಟಿತ್ತು. ಅವನು ಹಾಗೆ ಹೇಳಿದಾಗ ಒಂದು ಗಳಿಗೆ ಖುಷಿಯಾದ ತನ್ನ ಮನಸ್ಸಿನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು.

ಮಂಗಳವಾರಗಳು ಬಂದವು, ಹೋದವು. ಶೋರೂಮಿನ ಗಾಜಿನ ಬಾಗಿಲು ಸರಿದಾಗಲೆಲ್ಲ ಅವಳ ಕತ್ತು ತಾನಾಗಿ ಅತ್ತ ತಿರುಗುತ್ತಿತ್ತು. ಅವನು ಬರಲಿಲ್ಲ. ಬರಬೇಡ ಎಂದವಳೂ ತಾನೇ, ದಾರಿ ಕಾಯುವವಳೂ ತಾನೇ. ಇದಕ್ಕೇನು ಹೇಳುವುದು!

ಒಂದು ದಿನ ಆ ಬಾಗಿಲಲ್ಲಿ ನಡುವಯಸ್ಸು ದಾಟಿದ ಹೆಂಗಸೊಬ್ಬರು ಬಂದು ನಿಂತರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಬರಿದಾದ ಹಣೆ. ಇಲ್ಲಿ ಕನ್ನಡದ ಹುಡುಗಿ ಯಾರು ಎಂದು ಕೇಳಿದರು. ತಾನು ತಿಲಕ್‌ನ ತಾಯಿ ಚಂಪಾ ಎಂದು ಹೇಳಿಕೊಂಡರು. ಬೈಯಲು ಬಂದಿರಬೇಕು ಎಂದುಕೊಂಡು ಶಿವಕುಮಾರಿ ಅವರನ್ನು ಸೋಫಾದಲ್ಲಿ ಕೂರಿಸಿ, ತಾನು ಎದುರಿಗೆ ನಿಂತೇ ಇದ್ದಳು.

ಚಂಪಾ ಬೈಯಲಿಲ್ಲ.

"ಒಂದು ವಿಷಯ ಕೇಳಿ ಹೋಗುವ ಅಂತ ಬಂದೆ ಮಗಾ. ಇಲ್ಲಿಗೆ ಬಂದು ಹೋದ ದಿನ ಅವ ಸರಿ ಊಟ ಮಾಡ್ತಿದ್ದ. ಈಗ ಪುನಃ ಮೊದಲಿನ ಹಾಗೆ ಆಗಿದ್ದಾನೆ. ಅವ ಕಾರು ಬಿಡದೆ ಎರಡು ವರ್ಷ ಆಯ್ತು."

ಶಿವಕುಮಾರಿಗೆ ಅರ್ಥವಾಗಲಿಲ್ಲ.

"ಬಿಡಾಕ ಅವರ ಕಡೆ ಕಾರ್ ಎಲ್ಲೈತ್ರಿ ಅಮ್ಮಾರ?"

"ಹಾಗಲ್ಲ ಮಗಾ. ಬಿಡುದು ಅಂದ್ರೆ..." ಚಂಪಾ ಎರಡೂ ಕೈ ಮುಂದೆ ಚಾಚಿ, ಇಲ್ಲದ ಸ್ಟೀರಿಂಗ್ ಒಂದನ್ನು ಆಚೆ ಈಚೆ ತಿರುಗಿಸಿ ತೋರಿಸಿದರು. "ಹೀಗೆ. ಕಾರು ಬಿಡುದು. ನೀವು ಎಂತ ಹೇಳುದು ಇದಕ್ಕೆ?"

ಶಿವಕುಮಾರಿ ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಾವು... ಹೊಡಿಯೂದು ಅಂತೀವ್ರಿ."

ಚಂಪಾ ನಿಧಾನವಾಗಿ ಎಲ್ಲ ಹೇಳಿದರು. ಎರಡು ವರ್ಷದ ಹಿಂದೆ ಅಪ್ಪನನ್ನು ಕೂರಿಸಿಕೊಂಡು ತಿಲಕ್ ಊರಿಗೆ ಹೊರಟಿದ್ದ. ಪನ್ವೇಲ್ ದಾಟಿದ ಮೇಲೆ, ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದ ಲಾರಿಗೆ ಕಾರು ಹೊಡೆಯಿತು. ಎಡಗಡೆ ಸೀಟಿನಲ್ಲಿದ್ದ ಅಪ್ಪ ಅಲ್ಲೇ ತೀರಿಕೊಂಡರು. ತಪ್ಪು ಲಾರಿಯವನದೇ ಎಂದು ಎಲ್ಲರೂ ಹೇಳಿದರು. ಆದರೆ ಮಗ ಒಪ್ಪಲಿಲ್ಲ. ಅಮ್ಮನನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಹೋಗುವ ಧೈರ್ಯ ಬಂದರೆ ಮಾತ್ರ ತಾನು ಮನುಷ್ಯ ಎಂದು ಒಮ್ಮೆ ಹೇಳಿದ್ದನಂತೆ.

"ನೀನು ಬ್ರೇಕಿನ ಮೇಲೆ ಕೈ ಇಡ್ತೀಯಂತೆ. ಆ ಕೈ ಕಂಡ್ರೆ ಧೈರ್ಯ ಬರ್ತದೆ ಅಂತಿದ್ದ. ಹಾಗಿದ್ದವ ಯಾಕೆ ಬರುದು ನಿಲ್ಲಿಸಿದ ಮಗಾ?"

ಶಿವಕುಮಾರಿ ಅವರ ಕಾಲ ಬಳಿ ಕುಸಿದು ಕುಳಿತಳು. ಮೊದಲ ದಿನ, ಅಪ್ಪನನ್ನು ಕಳೆದುಕೊಂಡವನ ಕಿವಿಗೆ ತಾನು ಹಾಕಿದ ಮಾತು 'ಹೊಡೀರಿ'. ಕೊನೆಯ ದಿನ, ಕಾರು ನಡೆಸಲಾಗುತ್ತಿಲ್ಲ, ಸೋತು ಹೋದೆ ಎಂದು ಅವನು ಹೇಳಿಕೊಂಡರೆ ತಾನು ಕೇಳಿಸಿಕೊಂಡದ್ದೇ ಬೇರೆ. ಏನು ಮಾಡಿಬಿಟ್ಟೆ ನಾನು...

ಆ ಹೊತ್ತೇ ಅವಳು ದೇವಾನಂದನ ಮುಂದೆ ಹೋಗಿ ನಿಂತಳು. ಮುಚ್ಚಿದ ಎನ್‌ಕ್ವೈರಿ ಮತ್ತೆ ತೆರೆಯಬೇಕು, ಡೆಮೊ ಕಾರನ್ನು ಗಿರಾಕಿಯ ಬಾಗಿಲಿಗೇ ಒಯ್ಯಬೇಕು ಎಂದಳು. ಮನೆ ಬಾಗಿಲಿನ ಟೆಸ್ಟ್ ಡ್ರೈವ್ ಶೋರೂಮಿನ ಪದ್ಧತಿಯಲ್ಲೇ ಇತ್ತು. ಬುಕಿಂಗ್ ಆಗುತ್ತದೆಯೇ ಎಂದು ದೇವಾನಂದ ಕೇಳಿದ. ಗೊತ್ತಿಲ್ಲ ಸರ್, ತಪ್ಪು ನನ್ನದು ಎಂದಳು. ಅವನು ಅವಳ ಮುಖ ನೋಡಿ ಕೀ ತೆಗೆದುಕೊಟ್ಟ.

ಚಂಪಾರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವಳು ಮಾಟುಂಗಕ್ಕೆ ಬಂದಳು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ಗಲ್ಲಾದಲ್ಲಿದ್ದ ತಿಲಕ್ ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ.

"ಟೆಸ್ಟ್ ಡ್ರೈವ್ ಬಾಕಿ ಐತ್ರಿ," ಎಂದಳು ಅವಳು. "ಬರ್ತೀರೇನು?"

ಅವನು ತಾಯಿಯ ಕಡೆ ನೋಡಿದ. ನಾನು ಇಲ್ಲೇ ಮೆಟ್ಟಿಲ ಮೇಲೆ ಇರುತ್ತೇನೆ, ಹೋಗಿ ಬಾ ಎಂದರು ಚಂಪಾ.

ಫೈವ್ ಗಾರ್ಡನ್ಸ್‌ನ ತೋಟದ ಸುತ್ತಿನ ರಸ್ತೆಯಲ್ಲಿ, ನೆರಳು ನೋಡಿ ಅವಳು ಕಾರು ನಿಲ್ಲಿಸಿದಳು. ಸೀಟು ಬದಲಾಯಿತು.

"ನಿಮ್ಮ ಮಾತು ನನಗ ತಿಳೀಲಿಲ್ರಿ," ಎಂದಳು ಶಿವಕುಮಾರಿ. "ನಮ್ಮ ಕಡೆ ಬಿಡೂದು ಅಂದ್ರ ತೊರಿಯೂದು. ನನ್ನ ಬಿಡಾಕ ಆಗಂಗಿಲ್ಲ ಅಂತೀರಿ ಅಂತ ತಿಳಕೊಂಡೆ. ಬಾಯಿಗೆ ಬಂದಂಗ ಅಂದೆ. ತಪ್ಪಾತು."

ಅವನು ಆಶ್ಚರ್ಯದಿಂದ ತಿರುಗಿ ನೋಡಿದ. ಕಣ್ಣುಗಳು ತುಂಬಿಕೊಂಡವು.

"ಹೊಡೀರಿ ಅಂದಿದ್ದಕ್ಕೂ ತಪ್ಪಾತು. ಆ ಮಾತು ಇನ್ನ ನಿಮ್ಮ ಮುಂದ ಆಡಂಗಿಲ್ಲ."

"ಅದರ ಅರ್ಥ ನಂಗೆ ಆಮೇಲೆ ಗೊತ್ತಾಯ್ತು," ಎಂದ ತಿಲಕ್. "ಆದ್ರೂ ಕಿವಿಗೆ ಬಿದ್ದ ಕೂಡಲೆ ಆ ಲಾರಿಯೇ ಕಣ್ಣೆದುರು ಬಂತು. ಅಪ್ಪ ಕೂತಿದ್ದು ಅಲ್ಲಿ... ನೀವು ಕೂತ ಜಾಗದಲ್ಲೇ."

ಶಿವಕುಮಾರಿ ಬೆಲ್ಟ್ ಎಳೆದು ಹಾಕಿಕೊಂಡಳು. ಬಲಗೈಯನ್ನು ಹ್ಯಾಂಡ್‌ಬ್ರೇಕ್ ಮೇಲೆ ಇಟ್ಟಳು.

"ನಾನು ಇಲ್ಲೇ ಕೂಡ್ತೀನಿ. ಎದ್ದು ಹೋಗಂಗಿಲ್ಲ." ಆಮೇಲೆ ಅವನ ಕನ್ನಡದಲ್ಲಿ, ಅವನ ತಾಯಿ ಹೇಳುವ ಹಾಗೆಯೇ ಹೇಳಿದಳು. "ಕಾರು ಬಿಡಿ."

ಎಂಜಿನ್ ಶುರುವಾಯಿತು. ಅವಳು ಹ್ಯಾಂಡ್‌ಬ್ರೇಕ್ ಇಳಿಸಿದಳು, ಆದರೆ ಕೈ ತೆಗೆಯಲಿಲ್ಲ. ಕಾರು ಮೆಲ್ಲಗೆ, ನಡೆದು ಹೋಗುವವರಿಗಿಂತಲೂ ಮೆಲ್ಲಗೆ ಹೊರಟಿತು. ಹಿಂದಿನಿಂದ ಯಾರೋ ಹಾರ್ನ್ ಬಾರಿಸಿ ಮುಂದೆ ಹೋದರು. ತೋಟದ ಸುತ್ತ ಒಂದು ಸುತ್ತು ಮುಗಿಯುವಷ್ಟರಲ್ಲಿ ತಿಲಕ್‌ನ ಕೆನ್ನೆಗಳು ಒದ್ದೆಯಾಗಿದ್ದವು. ಅವನು ಒರೆಸಿಕೊಳ್ಳಲಿಲ್ಲ, ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇದ್ದವು.

ಹೊರಟ ಜಾಗಕ್ಕೇ ಬಂದು ಕಾರು ನಿಂತಿತು.

"ಅಮ್ಮ ಮೆಟ್ಟಿಲ ಮೇಲೆ ಕಾಯ್ತಾ ಇದ್ದಾರೆ," ಎಂದ. "ಅವರನ್ನು ಕೂರಿಸಿಕೊಂಡು ಒಂದು ಸುತ್ತು ಬರುವ. ನೀವು ಹಿಂದೆ ಕೂತ್ಕೊಳ್ತೀರಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

ಅವನು ಕಾರು ಹೊರಡಿಸಲಿಲ್ಲ. ಬ್ರೇಕಿನ ಮೇಲಿದ್ದ ಅವಳ ಕೈಯ ಮೇಲೆ ಮೊದಲ ಸಲ ತನ್ನ ಕೈ ಇಟ್ಟ.

"ಶಿವಕುಮಾರಿ... ಅವತ್ತು ನೀವು ತಿಳ್ಕೊಂಡ ಅರ್ಥ ಉಂಟಲ್ಲ, ಅದೂ ಸುಳ್ಳಲ್ಲ."

ಅವಳು ಕೈ ಎಳೆದುಕೊಳ್ಳಲಿಲ್ಲ. ಕಿಟಕಿಯಾಚೆ ನೋಡುತ್ತ, ತುಂಬಿದ ಕಣ್ಣುಗಳಲ್ಲೇ ಸಣ್ಣಗೆ ನಕ್ಕಳು.

"ಹಂಗಾರ ಕಾರ್ ಬಿಡ್ರಿ," ಎಂದಳು. "ನನ್ನ ಬಿಡಬ್ಯಾಡ್ರಿ."