ಟ್ಯಾಂಕಿನಡಿಯ ಪುಟಾಣಿ ಬಲ್ಬು

ಆರು ವರ್ಷಗಳ ಹಿಂದೆ, ಎರಡು ಹಳೇ ಬೈಕುಗಳನ್ನು ಕತ್ತರಿಸಿ ಒಂದು ಮಾಡುತ್ತಿದ್ದ ವೆಲ್ಡರ್ ಅವಳಿಗೆ ಮಾತು ಕೊಟ್ಟಿದ್ದ: "ಈ ಗಾಡಿ ಪೂರ್ತಿ ಮುಗಿದ ದಿನ ನಿನ್ನ ಹತ್ರ ಬಂದು ಒಂದು ಮಾತು ಕೇಳ್ತೀನಿ."

ಏನು ಕೇಳುತ್ತಾನೆಂದು ಬೀದಿಗೆಲ್ಲ ಗೊತ್ತಿತ್ತು. ಬೀದಿಯ ಮೂಲೆಯಲ್ಲಿ ವೈರಿಂಗ್ ಅಂಗಡಿ ನಡೆಸುವ ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಗಾಡಿ ಯಾವಾಗ ಮುಗಿಯುತ್ತದೆ ಎಂಬುದೊಂದೇ.

ಮೊದಲ ವರ್ಷ ಟ್ಯಾಂಕ್ ಉದ್ದವಾಯಿತು. ಆಮೇಲೆ ಸೀಟು ಗಿಡ್ಡವಾಯಿತು. ಅದಾದ ಬೆನ್ನಿಗೇ ಎರಡು ಫಾಗ್ ಲೈಟ್, ಲಾರಿಗೂ ಜಾಸ್ತಿಯಾಗುವಂಥ ಹಾರ್ನ್. ಇತ್ತೀಚೆಗಂತೂ ಬ್ಯಾಟರಿ ವಾರಕ್ಕೊಮ್ಮೆ ಕೈಕೊಡುತ್ತಿತ್ತು. ಸೋಮವಾರ ಬೆಳಗಾಯಿತೆಂದರೆ ಅವನು ಏದುಸಿರು ಬಿಡುತ್ತ, ಗಾಡಿ ತಳ್ಳಿಕೊಂಡು ಹಾಜರ್.

"ನಿನ್ನ ಸೋಮವಾರ ಬಂತು ನೋಡೇ," ಎಂದರು ಅವಳ ಅಮ್ಮ, ಅಂಗಡಿಗೆ ತಾಗಿದ ಅಡುಗೆಮನೆಯ ಕಿಟಕಿಯಿಂದ.

"ಏನಂತೆ ಈ ಸಲ?" ಅವಳು ತಲೆ ಎತ್ತಲಿಲ್ಲ.

"ಅದೇ. ಟಿಕ್ ಅನ್ನುತ್ತೆ, ಮುಂದಕ್ಕೆ ಹೋಗಲ್ಲ," ಎಂದ ಅವನು.

"ಥೇಟ್ ನಿನ್ನ ಹಾಗೇ."

ಅವನು ನಕ್ಕ. ನಕ್ಕಾಗ ಎಡಗೆನ್ನೆಯ ಮೇಲೆ ಕಿಡಿ ಸಿಡಿದಿದ್ದ ಕಲೆ ಸಣ್ಣಗೆ ಮಡಚಿಕೊಳ್ಳುತ್ತಿತ್ತು. ನೋಡಬಾರದು, ನೋಡಬಾರದು ಎಂದುಕೊಂಡೇ ಅವಳು ಅದನ್ನು ಆರು ವರ್ಷ ನೋಡಿದ್ದಳು.

ಆದರೆ ಈ ಸೋಮವಾರ ಅವಳ ತಾಳ್ಮೆ ತಳ ಕಂಡಿತ್ತು. ಬೇರೆ ಊರಿನ ಬಸ್ ಡಿಪೋದಿಂದ ಕೆಲಸಕ್ಕೆ ಕರೆ ಬಂದಿತ್ತು. ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೋದರೆ ಹೋದಂತೆಯೇ.

"ಇವತ್ತು ಬುಡದಿಂದ ಬದಲಾಯಿಸ್ತೀನಿ," ಎಂದಳು. "ದೊಡ್ಡ ಬ್ಯಾಟರಿ, ಅದಕ್ಕೆ ತಕ್ಕ ಸ್ಟೇಟರ್, ಹೊಸ ರೆಗ್ಯುಲೇಟರ್. ಇನ್ಮೇಲೆ ತಳ್ಳೋ ಕೆಲಸ ಇಲ್ಲ."

ಅವನ ಮುಖ ಸಪ್ಪಗಾಯಿತು. "ಅಷ್ಟೆಲ್ಲ ಯಾಕೆ? ಚಾರ್ಜ್ ಹಾಕಿಕೊಟ್ರೆ ಸಾಕಲ್ವಾ?"

"ಸುಮ್ನೆ ಸ್ಪ್ಯಾನರ್ ಹಿಡ್ಕೋ ಮಹಾರಾಯ."

ಎಂಜಿನ್ ಪಕ್ಕದ ಮುಚ್ಚಳ ಬಿಚ್ಚಿ, ಕರೆಂಟ್ ಹುಟ್ಟಿಸುವ ಹಳೇ ಸ್ಟೇಟರ್ ಕಿತ್ತು ಹೊಸದನ್ನು ಕೂರಿಸಿದಳು. ಆ ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರನ್ನು ಗಾಳಿ ಬಡಿಯುವ ಕಡೆ ಬಿಗಿದಳು. ಮಧ್ಯಾಹ್ನದ ಹೊತ್ತಿಗೆ ಗಾಡಿ ಒಂದೇ ಏಟಿಗೆ ಎದ್ದಿತು. ಮೀಟರ್ ಹದಿನಾಲ್ಕೂಕಾಲು ವೋಲ್ಟ್ ತೋರಿಸಿತು. ಎಲ್ಲ ಲೈಟ್ ಹಾಕಿದರೂ ಆ ಅಂಕಿ ಕದಲಲಿಲ್ಲ.

ಕೊನೆಗೊಂದು ಪರೀಕ್ಷೆ. ಕೀ ತೆಗೆದು, ಬ್ಯಾಟರಿ ಲೈನಿಗೆ ಮೀಟರ್ ಸೇರಿಸಿದಳು. ಎಲ್ಲ ಆಫ್ ಆದಮೇಲೆ ಸೊನ್ನೆ ಬರಬೇಕು. ಬರಲಿಲ್ಲ. ಏನೋ ಒಂದು ಕದ್ದು ಕರೆಂಟ್ ಕುಡಿಯುತ್ತಿತ್ತು. ಫ್ಯೂಸುಗಳನ್ನೆಲ್ಲ ಕಿತ್ತಳು. ಆದರೂ ಕುಡಿಯುತ್ತಲೇ ಇತ್ತು.

"ಬಿಡು, ಚೂರು ತಾನೆ," ಎಂದ ಅವನು ತೊದಲುತ್ತ.

ಅವಳು ಟ್ಯಾಂಕ್ ಎತ್ತಿದಳು. ಅಡಿಯಲ್ಲಿ, ಫ್ಯೂಸಿಗೆ ಸಿಗದ ಹಾಗೆ ಸ್ಟಾರ್ಟರ್ ರಿಲೇಯಿಂದ ಎಳೆದ ವೈರಿನ ತುದಿಗೆ, ಪುಟಾಣಿ ಬಲ್ಬೊಂದು ತನ್ನ ಪಾಡಿಗೆ ಉರಿಯುತ್ತ ಕೂತಿತ್ತು. ಜೋಡಣೆ ಬಹಳ ಅಚ್ಚುಕಟ್ಟು. ಹಾಗೆ ಜೋಡಿಸುವುದನ್ನು ಅವನಿಗೆ ಕಲಿಸಿದವಳು ಅವಳೇ.

"ಇದೇನಿದು?"

"ಭಾನುವಾರ ಗಾಡಿ ನಿಂತಾಗ ಬ್ಯಾಟರಿ ಖಾಲಿ ಮಾಡುತ್ತೆ." ಅವನು ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತ ನಿಂತ. "ಗಾಡಿ ಮುಗಿದ್ರೆ ಕೇಳ್ಬೇಕಲ್ಲ. ಕೇಳಿ, ನೀನು ಆಗಲ್ಲ ಅಂದ್ರೆ, ಇರೋ ಸೋಮವಾರವೂ ಹೋಗುತ್ತೆ."

"ಎಷ್ಟು ದಿನದಿಂದ?"

"ಎಂಟು ತಿಂಗಳು."

"ಎಂಟು ತಿಂಗಳು! ಲೈಟಿನ ಲೋಡ್ ಜಾಸ್ತಿ, ಹಾರ್ನಿನ ಲೋಡ್ ಜಾಸ್ತಿ ಅಂತ ತಲೆ ಕೆಡಿಸ್ಕೊಂಡು ಸತ್ತೆನಲ್ಲೋ ನಾನು!"

"ಏನೇ ಅದು ಗಲಾಟೆ?" ಅಮ್ಮನ ದನಿ.

"ಏನಿಲ್ಲಮ್ಮ, ಹುಚ್ಚು!" ಅವನ ಕಡೆ ತಿರುಗಿದಳು. "ಡಿಪೋ ಕೆಲಸಕ್ಕೆ ಸಂಜೆಯೊಳಗೆ ಉತ್ತರ ಹೇಳ್ಬೇಕು. ಹೋಗಿಬಿಡೋಣ ಅಂತಿದ್ದೆ."

ಅವನ ಮುಖದ ಬಣ್ಣ ಇಳಿಯಿತು. ಬಾಯಿ ತೆರೆದ. "ಅದು... ಗಾಡಿಗೆ ಇನ್ನೂ ಇಂಡಿಕೇಟರ್..."

"ಮುಚ್ಚು ಬಾಯಿ!" ಇಕ್ಕಳ ಬೆಂಚಿನ ಮೇಲೆ ಕುಕ್ಕಿದಳು. ಕಣ್ಣು ಮಾತ್ರ ಹೇಳದೆ ಕೇಳದೆ ತುಂಬಿಕೊಂಡಿತು. "ನನ್ನ ಮದುವೆ ಆಗ್ತೀಯೋ ಇಲ್ವೋ?"

ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಸ್ಪ್ಯಾನರ್ ಜಾರಿ ಅವನ ಕಾಲ ಮೇಲೇ ಬಿತ್ತು. ನೋವಾದದ್ದೂ ಅವನಿಗೆ ತಿಳಿಯಲಿಲ್ಲ.

"ಆಗ್ತೀನಿ."

"ಜೋರಾಗಿ ಹೇಳು, ಅಮ್ಮನಿಗೆ ಕೇಳ್ಲಿ."

"ಕೇಳಿಸ್ತಪ್ಪ," ಎಂದಿತು ಕಿಟಕಿ. "ಕೈ ತೊಳ್ಕೊಂಡು ಊಟಕ್ಕೆ ಬನ್ನಿ ಇಬ್ರೂ."

ಅವಳು ಕೈ ತೊಳೆಯುವ ಮೊದಲೇ ಡಿಪೋಗೆ ಫೋನ್ ಮಾಡಿ, ಬರುವುದಿಲ್ಲ ಎಂದಳು.

ಗಾಡಿ ಮುಗಿಯಲಿಲ್ಲ. ಕೇಳುತ್ತೇನೆ ಎಂದವನು ಕೇಳಲೂ ಇಲ್ಲ. ಕೊಟ್ಟ ಮಾತು ಮುರಿಯಿತು.