ದಾರ ಕಚ್ಚುವಷ್ಟು ಹೊತ್ತು

ಅವನು ಟಿವಿಯೊಳಗಿಂದ ನೇರವಾಗಿ ಅವಳ ಕಣ್ಣನ್ನೇ ನೋಡಿದ.

ಹಾಡಿನ ಸ್ಪರ್ಧೆಯ ಮೊದಲ ವಾರ ಅದು. ಪರದೆಯ ಕೆಳಗೆ ಅವನ ಕಸುಬು ಮೂಡಿತು: ಲಿಫ್ಟ್ ಮೆಕ್ಯಾನಿಕ್. ವಾದ್ಯಗಳು ಶುರುವಾಗುವ ಮೊದಲು ಅವನು ಬಾಯಿ ಮುಚ್ಚಿಕೊಂಡೇ ಒಂದು ರಾಗ ಗುನುಗಿದ. ಅರ್ಧಕ್ಕೆ ನಿಲ್ಲಿಸಿದ. ಒಂದು ಸಣ್ಣ ಮೌನ... ಮತ್ತೆ ಉಳಿದರ್ಧ.

ಕತ್ತಲ ಕೋಣೆಯಲ್ಲಿ ಕೂತಿದ್ದ ಪುಟ್ಟಿ ಬೆಚ್ಚಿಬಿದ್ದಳು.

ಅದು ಅಮ್ಮನ ರಾಗ.

ಯಾವ ಸಿನಿಮಾದ್ದೂ ಅಲ್ಲ, ಯಾರೂ ಕಲಿಸಿದ್ದೂ ಅಲ್ಲ. ಬಟ್ಟೆ ಹೊಲಿಯುತ್ತ ಅಮ್ಮ ತಾನೇ ಕಟ್ಟಿಕೊಂಡದ್ದು. ನಡುವಿನ ಆ ಮೌನ, ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸುವಷ್ಟು ಹೊತ್ತಿನದು. ಅಮ್ಮ ದಾರ ಕಚ್ಚಿದಾಗ ಉಳಿದರ್ಧವನ್ನು ಪುಟ್ಟಿ ಎತ್ತಿಕೊಳ್ಳುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅದು ಕೇಳಿಸಿರಲಿಲ್ಲ. ಗುನುಗಲು ಹೋದರೆ ಪುಟ್ಟಿಯ ಗಂಟಲು ಕಟ್ಟುತ್ತಿತ್ತು.

"ದಾರ ಕಚ್ಚಿದಳು," ಅಂದರು ಅಪ್ಪ ಮೆಲ್ಲಗೆ. "ಕೇಳಿದ್ಯಾ ಪುಟ್ಟಿ? ನಿಮ್ಮಮ್ಮ ದಾರ ಕಚ್ಚಿದಳು."

ಅಪ್ಪನ ಮುಖ ಕಾಣಿಸಲಿಲ್ಲ. ಟಿವಿ ನೋಡುವಾಗ ದೀಪ ಆರಿಸುವುದು ಅಮ್ಮನ ಕಾಲದ ಅಭ್ಯಾಸ. ದಿನವಿಡೀ ಹೊಲಿದು ಅವಳ ಕಣ್ಣುಗಳು ಉರಿಯುತ್ತಿದ್ದವು. ಅವಳು ಹೋದ ಮೇಲೂ ಟಿವಿ ನೋಡುವಾಗ ಯಾರೂ ದೀಪ ಹಚ್ಚುತ್ತಿರಲಿಲ್ಲ.

ಮುಂದಿನ ಶನಿವಾರವೂ ಅದೇ ಆಯಿತು. ಅದರ ಮುಂದಿನ ಶನಿವಾರವೂ. ಅವನು ವೇದಿಕೆಯ ಮೇಲೆ ಬಂದು ನಿಂತ ಕೂಡಲೇ ಅದೇ ಗುನುಗು, ಅದೇ ಮೌನ. ಆದರೆ ಎರಡನೇ ವಾರದಿಂದ ಅದು ಗಂಡಸಿನ ದನಿಯಾಗಿರಲಿಲ್ಲ...

ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಅಪ್ಪ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು.

ಬೀಗ ರಿಪೇರಿಯ ಅಂಗಡಿಗೆ ಹೋಗುವುದನ್ನು ಅಪ್ಪ ಬಿಟ್ಟೇಬಿಟ್ಟರು. ಆರಿಸಿದ ಟಿವಿಯ ಮುಂದೆ ಕೂತು ಮಾತಾಡುತ್ತಿದ್ದರು. ನಗುತ್ತಲೂ ಇದ್ದರು.

"ಆ ಹುಡುಗ ಇರೋವರೆಗೂ ಅವಳು ಬರ್ತಾಳೆ," ಅಂದರು ಒಂದು ದಿನ.

"ಅವನು ಸೋತ್ರೆ?" ಅಜ್ಜಿ ಕೇಳಿದರು.

"ನಾನೂ ಅವಳ ಜೊತೆ ಹೊರಡ್ತೀನಿ."

ಅಂಗಡಿ ಬಾಗಿಲು ಹಾಕಿ ಬರುತ್ತೇನೆ ಅನ್ನುವಷ್ಟು ಸಲೀಸಾಗಿ ಅಂದಿದ್ದರು ಅಪ್ಪ.

ಅಜ್ಜಿ ಪುಟ್ಟಿಯನ್ನು ಅಡುಗೆಮನೆಗೆ ಕರೆದರು. "ಊರವರ ಬೀಗ ಎಲ್ಲಾ ತೆಗೆಯೋನು, ತನ್ನ ತಲೆಗೇ ಬೀಗ ಜಡ್ಕೊಂಡು ಕೂತಿದಾನೆ. ನನ್ನ ಮಾತು ಕೇಳಲ್ಲ. ನೀನೇ ಏನಾದ್ರೂ ಮಾಡೇ ತಾಯಿ."

ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಕೆಲಸದ ನಡುವೆ ಮೊಬೈಲ್‌ನಲ್ಲಿ ಅವನ ಫೋಟೋ ತೆರೆದು ನೋಡುತ್ತಿದ್ದಳು. ಆ ಮುಖ ಕಂಡರೆ ಅವಳಿಗೆ ಹೆದರಿಕೆ. ಹೆದರಿಕೆಗೆ ಇಷ್ಟು ಸಲ ನೋಡಬೇಕೇ ಎಂದು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಕಾರ್ಯಕ್ರಮದಲ್ಲಿ ಹೆಸರು ಹೇಳಿದ್ದ ಅವನ ಕಂಪನಿಗೆ ಫೋನ್ ಮಾಡಿದಾಗ ಒಂದು ಕಚೇರಿ ಕಟ್ಟಡದ ವಿಳಾಸ ಕೊಟ್ಟರು. ಹೋದಳು. ಲಿಫ್ಟಿನ ಬಾಗಿಲು ತೆರೆದಿತ್ತು, ಒಳಗೆ ಲಿಫ್ಟ್ ಇರಲಿಲ್ಲ. ಕೆಳಗೆ ಕತ್ತಲಲ್ಲಿ ಒಂದು ಟಾರ್ಚ್ ಅಲ್ಲಾಡುತ್ತಿತ್ತು.

"ನಮ್ಮಮ್ಮನ ರಾಗ ನಿಮಗೆ ಹೇಗೆ ಸಿಕ್ತು?" ಪುಟ್ಟಿ ಕತ್ತಲನ್ನೇ ಕೇಳಿದಳು.

ಟಾರ್ಚ್ ನಿಂತಿತು. ಏಣಿ ಹತ್ತಿ ಅವನು ಮೇಲೆ ಬಂದ. ಕೈಯೆಲ್ಲ ಗ್ರೀಸ್. ತುಂಬ ಹೊತ್ತು ಅವಳನ್ನೇ ನೋಡಿದ.

"ಗೋಡೆ ಆಚೆ ಹುಡುಗಿ... ನೀವೇನಾ?"

"ಯಾವ ಗೋಡೆ?"

"ಚಿಕ್ಕವನಿದ್ದಾಗ ಕಾಲು ಮುರಿದು ನಮ್ಮತ್ತೆ ಮನೇಲಿ ಮಲಗಿದ್ದೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಒಬ್ಬರು ಗುನುಗೋರು, ನಡುವೆ ನಿಲ್ಲಿಸೋರು. ಆಮೇಲೆ ಒಂದು ಪುಟ್ಟ ದನಿ ಬರೋದು. ನಾನು ಹಾಡು ಕಲಿತಿದ್ದೇ ಆ ಗೋಡೆಯಿಂದ. ಆ ಪುಟ್ಟ ದನಿಗೆ ಅಂತ ದಿನಾ ಗೋಡೆಗೆ ಕಿವಿ ಇಟ್ಟು ಕಾಯ್ತಿದ್ದೆ."

ಪುಟ್ಟಿಯ ಕೆನ್ನೆ ಬಿಸಿಯಾಯಿತು. "ನಡುವೆ ನೀವ್ಯಾಕೆ ನಿಲ್ಲಿಸ್ತೀರಿ?"

"ರಾಗ ಇರೋದೇ ಹಾಗಲ್ವಾ?"

"ಅಮ್ಮ ಆಗ ದಾರ ಕಚ್ತಿದ್ರು."

ಅವನು ಬೆಪ್ಪಾಗಿ ನಿಂತ. ಆಮೇಲೆ ನಕ್ಕ. "ಇಷ್ಟು ವರ್ಷ ಶ್ರದ್ಧೆಯಿಂದ ದಾರ ಕಚ್ಚೋದನ್ನ ಅಭ್ಯಾಸ ಮಾಡಿದೀನಿ ಅನ್ನಿ."

ಅವಳಿಗೂ ನಗು ಬಂತು. "ಇನ್ನು ಅದನ್ನ ಪ್ರತಿ ವಾರ ಗುನುಗಬೇಡಿ. ನಮ್ಮಪ್ಪ..."

"ಪ್ರತಿ ವಾರ?" ಅವನ ನಗು ಆರಿತು. "ಮೊದಲನೇ ವಾರ ಒಂದೇ ಸಲ ಗುನುಗಿದ್ದು. ಕಾರ್ಯಕ್ರಮದವರಿಂದ ಬೈಸಿಕೊಂಡೆ. ಆಮೇಲೆ ಸಂಗೀತ ಶುರುವಾಗೋವರೆಗೂ ತುಟಿ ಬಿಚ್ಚಿಲ್ಲ."

"ನಾವು ಮೂರೂ ಜನ ಕೇಳಿದೀವಿ..."

ಲಿಫ್ಟಿನ ಬಾವಿಯಿಂದ ತಣ್ಣನೆಯ ಗಾಳಿ ಮೇಲೆದ್ದಿತು. ಇಬ್ಬರೂ ಒಟ್ಟಿಗೇ ಹಿಂದೆ ಸರಿದರು.

"ಶನಿವಾರ ನಿಮ್ಮನೆಗೆ ಬರ್ತೀನಿ," ಅಂದ ಅವನು. "ಈ ವಾರದ್ದು ಆಗಲೇ ಚಿತ್ರೀಕರಣ ಆಗಿದೆ. ಫಲಿತಾಂಶ ಹೇಳೋ ಹಾಗಿಲ್ಲ."

ಹೇಳುವುದೂ ಬೇಕಿರಲಿಲ್ಲ. ಅವನು ತಲೆ ತಗ್ಗಿಸಿದ್ದರಲ್ಲೇ ಅವಳಿಗೆ ಗೊತ್ತಾಯಿತು.

'ಇವರು ಸೋತಿದ್ದಾರೆ... ಅಪ್ಪನ ಗತಿ?'

ಶನಿವಾರ ಸಂಜೆ ಬಂದವನ ಮುಖವನ್ನು ಅಪ್ಪ ನೋಡಲೇ ಇಲ್ಲ. ಅವರಿಗೆ ಟಿವಿಯಲ್ಲಿದ್ದವನೇ ಸಾಕಾಗಿತ್ತು. ದೀಪ ಆರಿತು. ಪರದೆಯ ಮೇಲೆ ಅವನು ಬಂದು ನಿಂತ, ತುಟಿ ಮುಚ್ಚಿ.

ಗುನುಗು ಶುರುವಾಯಿತು.

"ಬಂದಳು," ಅಪ್ಪ ಮುಂದಕ್ಕೆ ಬಾಗಿದರು.

ಮುಚ್ಚಿದ ತುಟಿಗಳಿಂದ ಅಮ್ಮನ ದನಿ! ನಡುವೆ ಆ ಮೌನ, ಮತ್ತೆ ಉಳಿದರ್ಧ. ಕೇಳಿಸಿತಾ ಎಂದು ಕೇಳಲು ಅವನತ್ತ ತಿರುಗಿದಳು. ಗುನುಗು ತಟ್ಟನೆ ನಿಂತಿತು.

ಅವನು ಟಿವಿ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

"ನಿಲ್ಲಿಸಬೇಡಿ," ಅಂದ ಪಿಸುದನಿಯಲ್ಲಿ.

"ಏನನ್ನ?"

"ಗುನುಗ್ತಿರೋದು ನೀವು."

ಅವಳು ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಗಂಟಲು ಇನ್ನೂ ನಡುಗುತ್ತಿತ್ತು. ಎಲ್ಲರೂ ಕತ್ತಲಲ್ಲಿ ಟಿವಿಗೇ ಕಣ್ಣು ನೆಟ್ಟು ಕೂತಿದ್ದರು. ಪಕ್ಕದವರ ಮುಖ ನೋಡಿದವರಿರಲಿಲ್ಲ.

ಅವನು ಎದ್ದು ದೀಪ ಹಾಕಿದ. ಟಿವಿಯ ಸದ್ದು ಅಡಗಿಸಿದ.

"ಸುಳ್ಳು," ಅಪ್ಪ ಎದ್ದು ನಿಂತರು. "ಅದು ಅವಳ ದನಿ. ನನಗೆ ಗೊತ್ತಿಲ್ವಾ? ದೀಪ ಆರಿಸೋ..."

ಅವನು ಕಣ್ಣು ಮುಚ್ಚಿ ಮೊದಲರ್ಧ ಗುನುಗಿದ. ನಿಲ್ಲಿಸಿದ.

ಮೌನ ಬೆಳೆಯಿತು. ದಾರ ಕಚ್ಚುವಷ್ಟು ಹೊತ್ತು ಕಳೆಯಿತು, ಅದಕ್ಕಿಂತ ಹೆಚ್ಚೇ ಕಳೆಯಿತು. ಪುಟ್ಟಿಯ ಕಣ್ಣು ತುಂಬಿ ಬಂತು. 'ಅಮ್ಮಾ, ನನ್ನ ಕೈಲಾಗಲ್ಲ...' ಅಂದುಕೊಳ್ಳುತ್ತಿರುವಾಗಲೇ ಕಟ್ಟಿದ್ದ ಗಂಟಲು ಬಿಟ್ಟಿತು. ಒಡಕು ದನಿಯಲ್ಲಿ ಉಳಿದರ್ಧ ಹೊರಬಂತು.

ಸದ್ದಿಲ್ಲದ ಟಿವಿಯಲ್ಲಿ ತೀರ್ಪುಗಾರರು ಅವನ ಬೆನ್ನು ತಟ್ಟಿ ಕಳಿಸಿಕೊಡುತ್ತಿದ್ದರು. ಅಪ್ಪ ಅತ್ತ ನೋಡಲಿಲ್ಲ. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಇಲ್ಲೇ ಪಕ್ಕದಲ್ಲಿ ಕೂತಿದ್ಯಲ್ಲಮ್ಮಾ," ಅಪ್ಪ ಬಿಕ್ಕಿದರು. "ನಾನು ಒಂದ್ಸಲಾನೂ ನಿನ್ನ ಕಡೆ ತಿರುಗಲಿಲ್ವಲ್ಲ. ನಿನ್ನ ಬಿಟ್ಟು ಎಲ್ಲಿಗೆ ಅಂತ ಹೊರಟಿದ್ದೆ ನಾನು."

ಅಜ್ಜಿ ಮೂಗು ಒರೆಸಿಕೊಂಡರು. "ಸದ್ಯ. ನಾಳೆ ಅಂಗಡಿ ಬಾಗಿಲು ತೆಗಿ. ಅಲ್ಲೀವರೆಗೂ ನಂಗೆ ನಂಬಿಕೆ ಇಲ್ಲ."

ಬಾಗಿಲವರೆಗೆ ಅವನನ್ನು ಕಳಿಸಲು ಬಂದಾಗ ಪುಟ್ಟಿ ಬೀದಿಯನ್ನು ನೋಡುತ್ತ ನಿಂತಳು. ಮತ್ತೊಮ್ಮೆ ಗುನುಗಲು ನೋಡಿದಳು. ಉಳಿದರ್ಧ ಸರಾಗವಾಗಿ ಬಂತು. ಮೊದಲರ್ಧ ಒಂದು ಸ್ವರವೂ ಬರಲಿಲ್ಲ.

"ಮೊದಲರ್ಧ ನನಗೆ ಯಾವತ್ತೂ ಬರ್ತಿರಲಿಲ್ಲ," ಅಂದಳು ನಿಧಾನವಾಗಿ. "ಅದನ್ನ ಅಮ್ಮನೇ ಹಾಡ್ತಿದ್ದಿದ್ದು. ಮತ್ತೆ ಆ ಕತ್ತಲಲ್ಲಿ ಮೊದಲರ್ಧ ಹಾಡಿದ್ದು..."

ಇಬ್ಬರ ತೋಳಿನ ಮೇಲೂ ಕೂದಲು ನಿಮಿರಿದವು. ಒಳಗೆ ಅಪ್ಪ ಅಜ್ಜಿಯ ಹತ್ತಿರ ಊಟ ಕೇಳುತ್ತಿದ್ದರು.

"ಹೆದರಿಕೆ ಆಗ್ತಿದೆಯಾ?" ಅವನು ಕೇಳಿದ.

"ಹೂಂ."

"ಮೊದಲರ್ಧ ನಾನು ಹಾಡ್ತೀನಿ. ದಿನಾ. ಈ ಸಲ ಗೋಡೆಯ ಈ ಕಡೆಯಿಂದ... ಆಗಬಹುದಾ?"

ಅವಳು ಗ್ರೀಸಿನ ಕಲೆಯಿದ್ದ ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಒಳಗೆ ಬನ್ನಿ," ಅಂದಳು. "ಊಟ ಮಾಡ್ಕೊಂಡು ಹೋಗಿ."